ಒಂದು ಅಂಗಿ, ಒಂದು ಭಾಗಾಕಾರ

ಇಸ್ತ್ರಿ ಮಾಡುವಾಗ ನಮ್ಮ ದೊಡ್ಡಮ್ಮನ ತುಟಿಗಳು ಸದಾ ಅಲ್ಲಾಡುತ್ತಿದ್ದವು. ದೂರದಿಂದ ನೋಡಿದವರು ಜಪ ಅಂದುಕೊಳ್ಳುತ್ತಿದ್ದರು. ಹತ್ತಿರ ಹೋದವರಿಗೆ ಭಾಗಾಕಾರ ಕೇಳಿಸುತ್ತಿತ್ತು. ಗಂಡ, ಮಾವ, ಮೈದುನ, ಇಬ್ಬರು ಗಂಡುಮಕ್ಕಳು, ಇಷ್ಟು ಜನರ ಅಂಗಿಗಳು ದಿನಾ ಅವಳ ಕೈ ದಾಟಿಯೇ ಹೊಸ್ತಿಲು ದಾಟಬೇಕಿತ್ತು.

ಸಂಖ್ಯೆ ಕಂಡರೆ ಮುರಿದು ನೋಡುವುದು ಅವಳ ಚಟ. 12ರ ವರ್ಗಕ್ಕೆ 33ರ ವರ್ಗ ಕೂಡಿದರೆ 1233 ಎಂಬುದನ್ನು ಹುಡುಗಿಯಾಗಿದ್ದಾಗಲೇ ಕಂಡುಕೊಂಡಿದ್ದಳಂತೆ. ಇಸ್ತ್ರಿಪೆಟ್ಟಿಗೆಯ ಹಿಂಬದಿಯಲ್ಲಿ 5882353 ಎಂದು ಕೊರೆದಿತ್ತು. ಒಂದು ದಿನ ಅದನ್ನೂ 588, 2353 ಎಂದು ಮುರಿದು ಎರಡರ ವರ್ಗಗಳನ್ನು ಕೂಡಿದಳು. ಮತ್ತೆ ಅದೇ ಸಂಖ್ಯೆ! ಗಣಿತದ ಮೇಷ್ಟ್ರಾದ ದೊಡ್ಡಪ್ಪ ನಂಬದೆ ಮೂರು ಸಲ ಕೂಡಿ ನೋಡಿದ.

"ಭಲೇ! ಅವಿಭಾಜ್ಯವೂ ಆಗಿದ್ರೆ ಮೇಷ್ಟ್ರುಗಳ ಸಭೇಲಿ ಹೇಳ್ಬಹುದು ಕಣೇ," ಅಂದ. ಹೇಳುವವರು ಯಾರು ಎಂದು ಇಬ್ಬರೂ ಬಾಯಿಬಿಡಲಿಲ್ಲ.

ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ್ದು ಅವಿಭಾಜ್ಯ. ಹಾಗೆಂದು ಸಾಧಿಸಲು ಆ ಸಂಖ್ಯೆಯ ವರ್ಗಮೂಲದವರೆಗೆ, ಅಂದರೆ 2425ರೊಳಗಿನ ಮುನ್ನೂರ ಅರವತ್ತು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ದೊಡ್ಡಮ್ಮ ನೇಮ ಮಾಡಿಕೊಂಡಳು: ಒಂದು ಅಂಗಿಗೆ ಒಂದು ಭಾಗಾಕಾರ. ಕಾಲರಿನಲ್ಲಿ ಗುಣಿಸಿ, ತೋಳಿನಲ್ಲಿ ಕಳೆದು, ಮಡಚುವಷ್ಟರಲ್ಲಿ ಸಿಕ್ಕ ಶೇಷವನ್ನು ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆಯುತ್ತಿದ್ದಳು. ಒಮ್ಮೆ ಮೈದುನ ಕೂಗಿದ: "ಅತ್ತಿಗೇ, ಒಂದೇ ಸಾಕ್ಸ್ ಇದೆ, ಇನ್ನೊಂದೆಲ್ಲಿ?"

"ನಿನ್ನ ಕಾಲಲ್ಲೇ ಇದೆ ನೋಡಪ್ಪಾ," ಎಂದು ತೋರಿಸಿ ಬಂದವಳು ಇಳಿಸಿದ ಅಂಕಿಯನ್ನೇ ಮತ್ತೊಮ್ಮೆ ಇಳಿಸಿದಳು. ಶೇಷ ಸೊನ್ನೆ! ಎರಡು ದಿನ ಸಾವಿನ ಮನೆಯವಳಂತೆ ಓಡಾಡಿದಳು. ಮೂರನೆಯ ದಿನ ಅದೇ ಅಂಗಿಗೆ ನೀರು ಚಿಮುಕಿಸಿ, ಮತ್ತೆ ತಿಕ್ಕಿ, ತಪ್ಪು ಹಿಡಿದಳು.

ಸಭೆಯ ದಿನ ಬೆಳಿಗ್ಗೆ 2423 ಒಂದೇ ಉಳಿದಿತ್ತು.

"ಒಂದು ತಾನೇ? ಆಗಿದೆ ಅಂತ ಹೇಳ್ಬಿಡ್ತೀನಿ. ಅಂಗಿ ಕೊಡೇ, ಹೊತ್ತಾಯ್ತು," ಅಂದ ದೊಡ್ಡಪ್ಪ.

"ಆಗಿಲ್ವಲ್ರೀ."

"ಯಾರಿಗೆ ಗೊತ್ತಾಗತ್ತೆ?"

"ನಂಗೆ."

ಅವಳು ಪ್ಲಗ್ ಕಿತ್ತಳು. ಊಟದ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತಳು. ಕೈಯಲ್ಲಿ ಪೆನ್ಸಿಲ್ ಬಿಟ್ಟರೆ ಬೇರೇನೂ ಇಲ್ಲದೆ ಅವಳು ಕೂತದ್ದನ್ನು ಆ ಮನೆ ಅದುವರೆಗೆ ಕಂಡಿರಲಿಲ್ಲ. ಭಾಗಲಬ್ಧ 2427, ಶೇಷ 1732. ಎರಡು ಸಲ ತಾಳೆ ನೋಡಿದಳು. ಅಷ್ಟರಲ್ಲಿ ದೊಡ್ಡಪ್ಪ ಮುದುಡಿದ ಅಂಗಿಯನ್ನೇ ತೊಟ್ಟು ಬಾಗಿಲಲ್ಲಿ ನಿಂತಿದ್ದ.

"ಅವಿಭಾಜ್ಯಾನೇ ತಾನೇ? ಸಭೇಲಿ ಹೇಗೆ ಶುರು ಮಾಡ್ಲಿ?"

"ನೀವೇನೂ ಶುರು ಮಾಡ್ಬೇಡಿ. ತಡೀರಿ, ಸೀರೆ ಬದಲಾಯಿಸ್ಕೊಂಡು ಬರ್ತೀನಿ."

ಇಂಥವರನ್ನು ಕುರಿತು ಜನ, ಬಿಡುವಿದ್ದಾಗ ಏನೋ ಮಾಡ್ತಾರೆ ಎನ್ನುತ್ತಾರೆ. ಅವರಿಗೆ ಬಿಡುವನ್ನು ಯಾರೂ ಕೊಟ್ಟಿರುವುದಿಲ್ಲ. ಮನೆಮಂದಿಯ ಕೆಲಸದ ಸಂದುಗಳಲ್ಲಿ ಒಂದೊಂದೇ ನಿಮಿಷ ಹೆಕ್ಕಿ ಕಟ್ಟಿದ್ದು ಅದು. ಅದಕ್ಕೇ ಇರಬೇಕು, ಮುಕ್ಕಾಲು ಮುಗಿದದ್ದನ್ನು ಮುಗಿಯಿತು ಎನ್ನಲು ಅವರಿಗೆ ನಾಲಿಗೆ ಬರುವುದಿಲ್ಲ.