ನೂರೊಂದನೇ ಸುತ್ತು

"ಝಣ್!"

ಮತ್ತೆ ತಡ. ಪಿಟೀಲು, ಕೊಳಲು, ತುತ್ತೂರಿ ಎಲ್ಲವೂ ಒಟ್ಟಿಗೆ ಬಾಯಿ ಮುಚ್ಚಿದವು. ಬಸವನಗುಡಿಯ ಆ ಸಭಾಂಗಣದಲ್ಲಿ ಅಂಜಿನಮ್ಮನ ಕೈಯ ದೊಡ್ಡ ಕಂಚಿನ ತಾಳದ ಜೋಡಿಯೊಂದೇ ಮಾನ ಮರ್ಯಾದೆ ಬಿಟ್ಟು ಮೊಳಗುತ್ತಿತ್ತು.

"ಎರಡು ಸುತ್ತು ಲೇಟು, ಅಂಜಿನಮ್ಮ." ವಾದ್ಯವೃಂದ ನಡೆಸುವ ಕಶ್ಯಪ್ ಕೈಯಲ್ಲಿದ್ದ ಸನ್ನೆಯ ಕಡ್ಡಿ ಕೆಳಗಿಟ್ಟ. "ಮೂರನೇ ಸಲ ಇದು."

"ಸರಿಯಾಗೇ ಎಣಿಸ್ದೆ ಸಾರ್! ನಮ್ಮಮ್ಮನಾಣೆ!"

"ನಾಡಿದ್ದು ಭಾನುವಾರ ಕಚೇರಿ. ಆ ಏಟನ್ನ ನಗಾರಿಯೋರೇ ಹೊಡೀಲಿ ಬಿಡಿ. ಬೇಜಾರು ಮಾಡ್ಕೋಬೇಡಿ, ಮುಂದಿನ ವರ್ಷ ನೋಡೋಣ."

ಬೇಜಾರು ಮಾಡಿಕೊಳ್ಳಬಾರದಂತೆ! ವರ್ಷವಿಡೀ ಅವಳು ಕಾದದ್ದೇ ಆ ಒಂದು ಏಟಿಗೆ. ನೂರು ಸುತ್ತು ತೆಪ್ಪಗೆ ನಿಲ್ಲಬೇಕು, ಪ್ರತಿ ಸುತ್ತಿಗೂ ನಾಲ್ಕು ಎಣಿಕೆ. ನೂರೊಂದನೇ ಸುತ್ತು ಶುರುವಾಗುತ್ತಲೇ ಬಾರಿಸಬೇಕು. ಅಷ್ಟೇ ಕೆಲಸ. ಅದನ್ನು ಕೇಳಲು ಕೃಷ್ಣರಾಜ ಮಾರುಕಟ್ಟೆಯ ಒಂದು ಸಾಲಿಗೆ ಸಾಲೇ ಹೊರಟು ನಿಂತಿತ್ತು. ಪಕ್ಕದ ಅಂಗಡಿಯ ಸೊಪ್ಪಿನ ಸುಂದರಮ್ಮ ಹೊಸ ಸೀರೆಯನ್ನೂ ತಂದಾಗಿತ್ತು. ಅವರಿಗೆ ಯಾವ ಮುಖ ತೋರಿಸುವುದು?

ಈ ಹುಚ್ಚು ಹಿಡಿಸಿದವರು ಕಲ್ಯಾಣಮ್ಮ. ವೃಂದದವರು ವರ್ಷಕ್ಕೊಮ್ಮೆ ಬೆಳ್ಳಂಬೆಳಗ್ಗೆ ಮಾರುಕಟ್ಟೆಗೆ ಬಂದು ಪುಕ್ಕಟೆ ನುಡಿಸಿ ಹೋಗುವುದು ಐವತ್ತು ವರ್ಷದ ಪದ್ಧತಿ. ಹಾಗೆ ಬಂದಾಗ, ನಿಂಬೆಹಣ್ಣು ಮಾರುವ ಅಂಜಿನಮ್ಮ ಬಾಯಿ ಬಿಟ್ಟುಕೊಂಡು ತಾಳವನ್ನೇ ನೋಡುತ್ತಿದ್ದುದನ್ನು ಆ ಮುದುಕಿ ಕಂಡರು. ಚಾಮರಾಜಪೇಟೆಯಲ್ಲಿ ಭಾನುವಾರದ ಉಚಿತ ಸಂಗೀತ ಪಾಠ ನಡೆಸುವವರು ಅವರೇ.

"ಕಲೀತೀಯೇನಮ್ಮ?"

"ಅಯ್ಯೋ, ನಂಗೆ ಓದೋಕೇ ಬರಲ್ಲ ಮೇಡಂ."

"ಎಣಿಸೋಕೆ ಬರುತ್ತಾ?"

"ಕಣ್ಮುಚ್ಕೊಂಡು ಮೂಟೆ ಎಣಿಸಿ ಹಾಕ್ತೀನಿ!"

"ಅಷ್ಟು ಸಾಕು, ಬಾ."

ಆ ಎಣಿಕೆಯೇ ಈಗ ಕೈಕೊಟ್ಟಿತ್ತು. ಶನಿವಾರ ಬೆಳಗ್ಗೆ ಶ್ರೀರಾಂಪುರದ ಮನೆಯಿಂದ ಮಾರುಕಟ್ಟೆಗೆ ಬಂದ ಅಂಜಿನಮ್ಮ ಮೂಟೆ ಬಿಚ್ಚಿ ಕೂತಳು. ಹೋಟೆಲಿನವನೊಬ್ಬ ನೂರು ಹಣ್ಣು ಕೇಳಿದ. ಅವಳು ಅಳುಮುಖದಲ್ಲೇ ಎಣಿಸಿ ಚೀಲಕ್ಕೆ ಹಾಕಿದಳು. "ತೊಂಬತ್ತೊಂಬತ್ತು, ನೂರು, ಇದೊಂದು ಕೊಸರು, ಇದೊಂದು..."

ಕೈ ನಿಂತಿತು. ನೂರು ಕೊಂಡವರಿಗೆ ಮೇಲೆ ಎರಡು ಹಾಕುವುದು ಅವಳ ಮೂವತ್ತು ವರ್ಷದ ವ್ಯಾಪಾರ. ಎರಡು ಸುತ್ತು ತಡ! ಸಂಗೀತಕ್ಕೂ ಕೊಸರು ಹಾಕುತ್ತಿದ್ದೇನಲ್ಲ ಶಿವನೇ!

"ಸುಂದ್ರಕ್ಕಾ, ಅಂಗಡಿ ನೋಡ್ಕೋ!" ಎಂದವಳೇ ಸೆರಗು ಸಿಕ್ಕಿಸಿಕೊಂಡು ಓಡಿದಳು. ಸಿಕ್ಕ ಬಸ್ಸು ಹತ್ತಿ ಬಸವನಗುಡಿಯಲ್ಲಿ ಇಳಿದಾಗ ಒಂದು ಹಣ್ಣು ಇನ್ನೂ ಮುಷ್ಟಿಯಲ್ಲೇ ಇತ್ತು. ಸಭಾಂಗಣದಲ್ಲಿ ಕಶ್ಯಪ್ ಕುರ್ಚಿ ಹಾಕಿಸುತ್ತಿದ್ದ. ಅವಳು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು.

ಅವನು ನಕ್ಕ, ಆದರೆ ಒಪ್ಪಲಿಲ್ಲ. "ತಪ್ಪು ಗೊತ್ತಾದ್ರೆ ಸಾಕಾ? ಮೂವತ್ತು ವರ್ಷದ ಅಭ್ಯಾಸ ಒಂದು ದಿನದಲ್ಲಿ ಹೋಗುತ್ತಾ? ಇನ್ನು ತಾಲೀಮೂ ಇಲ್ಲ."

"ಹೋಗತ್ತೆ ಸಾರ್. ಹೋಗ್ಲಿಲ್ಲಾಂದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ."

ಮೂಲೆಯಲ್ಲಿ ಕೂತಿದ್ದ ಕಲ್ಯಾಣಮ್ಮ ಕನ್ನಡಕ ಒರೆಸಿಕೊಂಡರು. "ಕಶ್ಯಪ್, ಪ್ರತಿ ವರ್ಷ ನಮ್ಮ ಭಾನುವಾರದ ಪಾಠದಿಂದ ಒಬ್ರು ಈ ವೇದಿಕೆ ಮೇಲೆ ನಿಂತಿದಾರೆ. ನೀನೂ ಹಂಗೇ ನಿಂತೋನಲ್ವೇನೋ? ಗಂಟೆ ಬಾರಿಸು ಅಂದ್ರೆ ಕಾಲ್ಮೇಲೆ ಬೀಳಿಸ್ಕೊಂಡು ಅತ್ತಿದ್ದೆ. ನಿನ್ನ ನಾವು ಕಳಿಸಿಬಿಟ್ವಾ?"

ಕಶ್ಯಪ್‌ನ ಕಿವಿ ಕೆಂಪಾಯಿತು. "ನಾಳೆ ಐದಕ್ಕೆ ಬಂದ್ಬಿಡಿ, ಅಂಜಿನಮ್ಮ," ಎಂದ.

ಭಾನುವಾರ ಸಂಜೆ ಮೊದಲ ಮೂರು ಸಾಲೂ ಮಾರುಕಟ್ಟೆಯವರದೇ. ಸಂಗೀತ ಶುರುವಾಯಿತು, ಅಂಜಿನಮ್ಮ ಎಣಿಸತೊಡಗಿದಳು. ಐವತ್ತು ದಾಟಿತು. ಎಂಬತ್ತಕ್ಕೆ ಎರಡೂ ತಾಳ ಕೈಗೆತ್ತಿಕೊಂಡಳು. ತೊಂಬತ್ತೆಂಟು. ತೊಂಬತ್ತೊಂಬತ್ತು. ನೂರು ತುಂಬುತ್ತಿದ್ದಂತೆ ಆ ಹಾಳು ಕೈ ಹಳೇ ಚಾಳಿಗೆ ಬಿದ್ದು ಎದೆಯ ಹತ್ತಿರ ತಡೆಯಿತು. 'ಥೂ ಮುಂಡೇದೆ, ಇವತ್ತು ಒಂದು ಹಣ್ಣೂ ಕೊಸರು ಕೊಡಲ್ಲ!' ಎಂದು ಒಳಗೇ ಬೈದು ಬೀಸಿದಳು.

"ಝಣ್!"

ಸರಿಯಾದ ಜಾಗಕ್ಕೆ! ಸುಂದರಮ್ಮ ಎದ್ದು ನಿಂತು ಎರಡು ಬೆರಳಿಟ್ಟು ಸಿಳ್ಳೆ ಹೊಡೆದೇಬಿಟ್ಟಳು. ಕಶ್ಯಪ್ ಹಲ್ಲು ಕಾಣುವಂತೆ ನಕ್ಕ, ಕಡ್ಡಿ ಮಾತ್ರ ನಿಲ್ಲಲಿಲ್ಲ. ಪಿಟೀಲುಗಳು ಇನ್ನೂ ಮೇಲಕ್ಕೆ ಹೋದವು, ಕೊಳಲುಗಳು ಅವುಗಳ ಹಿಂದೆಯೇ ಹೊರಟವು.

ತಾಲೀಮಿನಲ್ಲಿ ಎಲ್ಲವೂ ಈ ಏಟಿಗೇ ನಿಂತುಹೋಗುತ್ತಿತ್ತು. ಇದರಾಚೆಯ ಸಂಗೀತವನ್ನು ಅಂಜಿನಮ್ಮ ಕೇಳುತ್ತಿದ್ದುದು ಇದೇ ಮೊದಲು. ಕೈ ಯಾವಾಗ ಇಳಿಸಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎರಡೂ ತಾಳಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಅವಳು ಹಾಗೆಯೇ ನಿಂತಿದ್ದಳು.