ಚಾಪೆ ಎತ್ತುವ ತನಕ

ಇರುವೆಯೊಂದು ಸಿಮೆಂಟಿನ ಬಿರುಕು ದಾಟುತ್ತಿದೆ, ನನ್ನ ಮೂಗಿನಿಂದ ಒಂದು ಗೇಣು ದೂರ, ಅದಕ್ಕೇನು ಗೊತ್ತು ಇದು ತವಿತಾನ ಮನೆಯಂಗಳ ಅಂತ, ಶವಾಗಾರದಿಂದ ಅವನನ್ನು ತಂದು ಒಳಗೆ ಮಲಗಿಸಿದ್ದಾರೆ ಅಂತ, ಅವನ ತಲೆ ಒಡೆದವನು ಇದೇ ಚಾಪೆಯ ಕೆಳಗೆ ನನ್ನ ಪಕ್ಕ ಮಂಡಿಯೂರಿ ಬೆವರುತ್ತಿದ್ದಾನೆ ಅಂತ — ಫಾಲಾನಿಕೊ, ನನ್ನ ಅಣ್ಣನ ಮಗ, ಪೊಲೀಸು, ನಿನ್ನೆಯಷ್ಟೇ ಜಾಮೀನು ಸಿಕ್ಕಿದೆ, ಓಡಿ ದಣಿದ ನಾಯಿಯ ಹಾಗೆ ಉಸಿರಾಡುತ್ತಾನೆ. ಇಫೋಂಗಾ ಅಂದರೆ ಹೀಗೇ, ಬೆಳಕು ಹರಿಯುವ ಹೊತ್ತಿಗೆ ಸತ್ತವನ ಬಾಗಿಲಿಗೆ ಬಂದು, ಮನೆತನದ ಅತಿ ನಯವಾದ ಚಾಪೆ ಹೊದ್ದು, ಮುಂದೆ ಕಲ್ಲು ಸೌದೆ ಇಟ್ಟು ಕೂರಬೇಕು, ಬೇಕಿದ್ದರೆ ನಮ್ಮನ್ನೇ ಬೇಯಿಸಿಕೊಳ್ಳಿ ಅಂತ, ಬೇಯುವವರೇ ಸೌದೆ ತರುವ ಸೌಜನ್ಯ ನಮ್ಮ ಸಮೋವಾದವರಿಗಲ್ಲದೆ ಇನ್ಯಾರಿಗಿದೆ, ಆದರೆ ಆಕ್ಲೆಂಡಿನಲ್ಲಿ ಸೌದೆ ಸಿಗುವುದು ಪೆಟ್ರೋಲ್ ಬಂಕಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ, ಬೆಲೆಯ ಚೀಟಿ ಕೀಳುವುದು ಮರೆತೇಹೋಯಿತು. ಅವರು ಬಂದು ಚಾಪೆ ಎತ್ತಿದರೆ ಕ್ಷಮೆ, ಎತ್ತದಿದ್ದರೆ ಕಲ್ಲು ಬೀಳಬಹುದು, ಮಚ್ಚು ಬೀಳಬಹುದು, ಕೈ ಅಡ್ಡ ಹಿಡಿಯುವ ಹಾಗಿಲ್ಲ — ಹನ್ನೊಂದು ವರ್ಷ ಪೊಲೀಸರ ಸಲಹಾ ಮಂಡಳಿಯಲ್ಲಿ ಕೂತವಳು ನಾನು, ಹೇಳಿದ್ದು ಒಂದೇ, ನಮ್ಮ ಮಕ್ಕಳನ್ನೂ ಸೇರಿಸಿಕೊಳ್ಳಿ ಸ್ವಾಮಿ, ನಮ್ಮ ಭಾಷೆ ಬಲ್ಲವನು ಬಂದು ನಿಂತರೆ ಲಾಠಿ ಎತ್ತುವ ಪ್ರಸಂಗವೇ ಬರೋದಿಲ್ಲ, ಬಿಳಿಯ ಅಧಿಕಾರಿಗಳು ಬಿಸ್ಕತ್ತು ಕಡಿಯುತ್ತಲೇ ತಲೆದೂಗಿದರು, ಫಾಲಾನಿಕೊ ಮಾತ್ರ ಒಲ್ಲೆ ಅಂದಿದ್ದ, ಬೇಡ ಅತ್ತೆ, ನಂಗೆ ಸಿಟ್ಟು ಜಾಸ್ತಿ, ಬಡಗಿ ಕೆಲಸಾನೇ ಸಾಕು, ನಾನೇ ಅರ್ಜಿ ತುಂಬಿದೆ, ಚರ್ಚಿನ ಗೋಡೆಯ ಮೇಲೆ ಪೊಲೀಸ್ ಭರ್ತಿಯ ಪೋಸ್ಟರಿನಲ್ಲಿ ಇವತ್ತಿಗೂ ಅವನ ಮುಖ, ಹಲ್ಲೆಲ್ಲ ಕಾಣುವ ಹಾಗೆ, ನೀವೂ ಬನ್ನಿ ಅಂತ ಕರೆಯುತ್ತಿದೆ.

ತವಿತಾ ಕುಡಿದು ಬೇಲಿ ಒದೆಯುತ್ತಿದ್ದನಂತೆ, ಅಷ್ಟೇ, ಅಲ್ಲಿಗೆ ಹೋದ ಪೊಲೀಸರು ಇಬ್ಬರು, ಇವನೊಬ್ಬ, ಬಿಳಿಯನೊಬ್ಬ, ತವಿತಾ ಸಮೋವಾದ ಮಾತಿನಲ್ಲೇ ಬೈದ, ಫಾಲಾನಿಕೊನ ಅಕ್ಕನ ಮೈಯ ಮೇಲೆ ಒಂದು ಮಾತು, ಅದನ್ನು ಕೇಳಿ ಸುಮ್ಮನಿರುವ ತಮ್ಮ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ, ಬಿಳಿಯನಿಗೆ ಅದು ಬರೀ ಸದ್ದು, ಆಯ್ತು ಸಾರ್, ಬನ್ನಿ ಸಾರ್ ಅನ್ನುತ್ತ ಕಾರಿನ ಬಾಗಿಲು ತೆಗೆಯುತ್ತಿದ್ದ, ಇವನಿಗೆ ಅರ್ಥವಾಯಿತು, ಅರ್ಥವಾಗುವವರು ಬೇಕು ಅಂತಲೇ ಅಲ್ಲವೇ ನಾನು ಕೇಳಿದ್ದು — ದವಡೆಗೆ ಲಾಠಿಯ ಮೊದಲ ಏಟು, ಹಲ್ಲುಗಳು ಬೇಲಿಯ ತಗಡಿಗೆ ಬಡಿದ ಸದ್ದು, ಕಿವಿಯ ಮೇಲೆ ಒಂದು, ಬಿದ್ದ ಮೇಲೆ ನಾಲ್ಕು, ತಲೆಯೊಳಗಿಂದ ಒದ್ದೆ ಸದ್ದು ಬರುವ ತನಕ, ಇವನದೇ ಎದೆಯ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿದೆ, ಆ ಕ್ಯಾಮೆರಾ ಹಾಕಿಸಿದ್ದೂ ನಮ್ಮ ಮಂಡಳಿಯೇ, ಬಿಸ್ಕತ್ತು ಮುಟ್ಟದೆ ನೋಡಿದೆವು.

ಒಳಗೆ ಹಾಡು ನಿಂತಿತು, ಬಾಗಿಲು, ಸಿಮೆಂಟಿನ ಮೇಲೆ ಕಬ್ಬಿಣ ಎಳೆಯುವ ಸದ್ದು, ಬಾತುಕೊಂಡ ಎರಡು ಪಾದ, ಪಕ್ಕದಲ್ಲಿ ಮಚ್ಚಿನ ತುದಿ, ತವಿತಾನ ತಾಯಿ ಸಿನಿವಾ, ಇಪ್ಪತ್ತು ವರ್ಷ ಚರ್ಚಿನಲ್ಲಿ ನನ್ನ ಪಕ್ಕ ಕೂತು ಹಾಡಿದವಳು, ಈಗ ಫಾಲಾನಿಕೊನ ಕಡೆಯ ಅಂಚು ಹಿಡಿದಳು, ಎತ್ತಿದಳು, ಬೆಳಕು, ಅವನ ಬೆವರಿದ ಕತ್ತು, ದೇವರೇ ಎತ್ತಿದಳು — ಏಳೋ, ಅಕ್ಕನಿಗಾಗಿ ಹೊಡೆದೆ, ನಿನ್ನ ಜಾಗದಲ್ಲಿ ನನ್ನ ಮಗ ಇದ್ದಿದ್ದರೂ ಹೊಡೀತಿದ್ದ, ಒಳಗೆ ಹೋಗಿ ಅವನ ಕಾಲ ಹತ್ರ ಕೂತ್ಕೋ, ನಾನೂ ಏಳಹೋದೆ, ಅವಳ ಅಂಗೈ ನನ್ನ ತಲೆಯನ್ನು ಕೆಳಗೆ ಒತ್ತಿತು, ನೀನಲ್ಲ ಲೇಪೆಕಾ, ಬೇಡ ಅಂದವನ ಕೈಗೆ ಲಾಠಿ ಕೊಟ್ಟವಳು ನೀನು, ನೀನು ಕೂತಿರು. ಚಾಪೆ ಮತ್ತೆ ನನ್ನ ಮೇಲೆ ಬಿತ್ತು, ಕತ್ತಲೆ, ಮೂರು ತಲೆಮಾರಿನ ಹೆಂಗಸರು ನೇಯ್ದ ಎಳೆಗಳು ಪಟಪಟ ಕಡಿದವು, ನನ್ನ ಬಲಗಣ್ಣಿನ ಮುಂದೆ ಮಚ್ಚಿನ ತುದಿ, ತುದಿಗೆ ಅಂಟಿದ ತೆಂಗಿನ ನಾರು, ತುದಿ ಹೋಯಿತು, ಆ ಸೀಳಿನಲ್ಲಿ ಒಂದಿಷ್ಟು ಬೆಳಕು, ಕೈ ಅಡ್ಡ ಹಿಡಿಯುವ ಹಾಗಿಲ್ಲ, ಮತ್ತೆ ತುದಿ, ಇನ್ನೂ ಹತ್ತಿರ, ನಾರು ಅಲ್ಲಾಡುತ್ತಿದೆ, ನಾರು, ತುದಿ