ವಾಸನೆ ಇಲ್ಲದ ಚಟ

ರಾತ್ರಿ ಒಂದು ಗಂಟೆಗೆ ಬಚ್ಚಲಿನಿಂದ ಚಟ್ ಎಂಬ ಸಣ್ಣ ಸದ್ದು ಕೇಳಿತು. ಸ್ವಲ್ಪ ಬಿಟ್ಟು ಇನ್ನೊಂದು. ಮಾತ್ರೆಯ ಹಾಳೆ ಒಡೆಯುವ ಸದ್ದು. ಕಣ್ಣು ಬಿಟ್ಟೇ ಮಲಗಿದ್ದ ರಂಜಿತ ಐದರವರೆಗೆ ಎಣಿಸಿದಳು. ಗಂಡ ಧರ್ಮೇಂದ್ರನ ಬೆನ್ನುನೋವಿಗೆ ಡಾಕ್ಟರು ಬರೆದುಕೊಟ್ಟಿದ್ದು ದಿನಕ್ಕೆ ಒಂದು, ಅದೂ ಹತ್ತು ದಿನಕ್ಕೆ ಮಾತ್ರ. ಅದಾಗಿ ಎಂಟು ತಿಂಗಳು ಕಳೆದಿತ್ತು.

ಅವಳಿಗೆ ಗೊತ್ತಿದ್ದ ಪರೀಕ್ಷೆ ಒಂದೇ. ಸಂಜೆ ಗಂಡ ಒಳಗೆ ಬಂದೊಡನೆ ನೀರು ಕೊಡುವ ನೆವದಲ್ಲಿ ಹತ್ತಿರ ಹೋಗಿ ಬಾಯಲ್ಲಿ ಹೆಂಡದ ವಾಸನೆ ಇದೆಯೇ ನೋಡುವುದು. ಅವಳ ತಾಯಿಯೂ ಅತ್ತೆಯೂ ಹಾಗೆಯೇ ಮಾಡಿದವರು. ವಾಸನೆ ಬರಲಿಲ್ಲವೆಂದರೆ ಗಂಡ ಚೊಕ್ಕ. ಮುದ್ದೆ ಕೈಯಲ್ಲಿ ಹಿಡಿದೇ ಅವನು ತೂಕಡಿಸುತ್ತಿದ್ದ, ಮೈಯೆಲ್ಲ ಕೆರೆದುಕೊಳ್ಳುತ್ತಿದ್ದ, ಮಾತ್ರೆ ಮುಗಿದ ದಿನ ಬೆವೆತು ಮಗಳ ಮೇಲೆ ರೇಗುತ್ತಿದ್ದ. ದುಡಿದು ಸುಸ್ತಾಗಿದ್ದಾನೆ ಎಂದುಕೊಂಡಿದ್ದಳು. ಈಗ ತನ್ನ ಮೇಲೇ ರೋಷ ಉಕ್ಕಿತು.

ಬೆಳಿಗ್ಗೆ ಅವನು ವ್ಯಾನಿನ ಕೀಲಿ ಹುಡುಕತೊಡಗಿದ. ಹದಿನಾಲ್ಕು ಮಕ್ಕಳನ್ನು ದಿನವೂ ನಾಲೆ ಏರಿಯ ಮೇಲೆ ಪಾಂಡವಪುರದ ಶಾಲೆಗೆ ಒಯ್ಯುವ ವ್ಯಾನು ಅದು.

"ಕೀಲಿ ನನ್ನತ್ರ ಐತೆ. ರಾತ್ರಿ ಐದು ಮಾತ್ರೆ ನುಂಗಿದ್ದೀಯ. ಗಾಡಿ ಮುಟ್ಟಂಗಿಲ್ಲ."

"ನೋವಿಗೆ ತಕಂಡೆ ಕಣೆ. ಕುಡ್ದಿದ್ದೀನಾ? ಬಾ, ಮೂಸ್ನೋಡು."

"ಇಷ್ಟು ದಿನ ಮೂಸಿದ್ದೇ ತಪ್ಪಾಯ್ತು."

ಅತ್ತೆ ಪುಟ್ಟಗೌರಮ್ಮ ಸಗಣಿ ಕೈಯಲ್ಲೇ ಕೊಟ್ಟಿಗೆಯಿಂದ ಬಂದರು. "ಏನವ್ವ ನಿಂದು? ನಿಮ್ಮಾವನ್ನ ನಾನು ಇಪ್ಪತ್ತೊರ್ಸ ಬೀದಿಯಿಂದ ಎತ್ಕಂಡ್ ಬಂದೆ. ಮಾತ್ರೆ ಅಂತೆ ಮಾತ್ರೆ. ಎಂಡಕ್ಕಿಂತ ಕೇಡಾ ಅದು? ಯಾರ್ಗೂ ಏಳ್ಬ್ಯಾಡ, ಮಾನ ಓಯ್ತದೆ."

"ವ್ಯಾನು ನಾಲೆಗೆ ಬಿದ್ರೆ ಮಾನ ಉಳೀತದಾ ಅತ್ತೆ? ನಿಮ್ಮ ಮಗನ್ನ ನೋಡಿ ಒಂದ್ಸಲ."

ಧರ್ಮೇಂದ್ರ ನಿಂತಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಬಾಯಿ ಅರ್ಧ ತೆರೆದಿತ್ತು.

"ಲೇ ಧರ್ಮಾ," ಎಂದರು ಪುಟ್ಟಗೌರಮ್ಮ. ಮತ್ತೊಮ್ಮೆ ಕರೆದರು. ಆಮೇಲೆ ಅವರೇ ಅವನ ತೋಳು ಹಿಡಿದು ಕೂರಿಸಿದರು.

ರಂಜಿತ ಮಕ್ಕಳ ಮನೆಗಳಿಗೆಲ್ಲ ತಾನೇ ಫೋನು ಮಾಡಿದಳು. "ಇನ್ಮೇಲೆ ವ್ಯಾನು ಬರಲ್ಲ. ನಮ್ಮವರಿಗೆ ಮಾತ್ರೆ ಚಟ ಹತ್ತಿದೆ. ಆಸ್ಪತ್ರೆಗೆ ಕರ್ಕಂಡು ಹೋಗ್ತಾ ಇದ್ದೀನಿ."

"ಇದ್ನ ಈಗ ಏಳ್ತಿಯಲ್ಲವ್ವ," ಎಂದು ಒಂದು ಮಗುವಿನ ತಂದೆ ಚೌಡಯ್ಯ ರೇಗಿದ. "ಓದ್ದೋಳು ಬೇರೆ. ಕಣ್ಣು ಎಲ್ಲಿಕ್ಕಿದ್ದೆ?"

ಅವಳು ಮುಂದಿನ ಮನೆಯ ನಂಬರು ಒತ್ತಿದಳು.

ಮಂಡ್ಯದ ಆಸ್ಪತ್ರೆಯಲ್ಲಿ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು; ಮಾತ್ರೆ ಇಲ್ಲದೆ ಅವನ ಮೈ ನಡುಗುತ್ತಿತ್ತು. ಡಾಕ್ಟರ ಕೋಣೆಯ ಹೊರಗೆ, ಯಾರೂ ಇಲ್ಲದ ಗಳಿಗೆಯಲ್ಲಿ, ಅವನು ಕುಸಿದು ಅವಳ ಎರಡೂ ಕಾಲು ಹಿಡಿದುಕೊಂಡ. "ಒಂದೇ ಒಂದು ಕೊಡ್ಸು ಕಣೆ. ಇವತ್ತೊಂದಿನ. ನಾಳೆಯಿಂದ ಬುಟ್ಬುಡ್ತೀನಿ." ಮೂಗು ಸೋರುತ್ತಿತ್ತು. ಅವಳಿಗೆ ಕೆನ್ನೆಗೆ ಬಾರಿಸಬೇಕೆನ್ನಿಸಿತು. ರಟ್ಟೆ ಹಿಡಿದು ಎಬ್ಬಿಸಿ, ಸೆರಗಿನಿಂದ ಅವನ ಮುಖ ಒರೆಸಿ, ಒಳಗೆ ನೂಕಿದಳು.

ಡಾಕ್ಟರ ಮುಂದೆ ಒಂದನ್ನೂ ಮುಚ್ಚಿಡಲಿಲ್ಲ: ಮಾತ್ರೆಗಳ ಲೆಕ್ಕ, ತೂಕಡಿಕೆ, ರೇಗಾಟ, ಚೀಟಿ ಕೇಳದೆ ಮಾತ್ರೆ ಮಾರಿದ ಔಷಧಿ ಅಂಗಡಿ. ಊರಲ್ಲಿ ಯಾರು ಕೇಳಿದರೂ ಹೀಗೆಯೇ ಹೇಳುವವಳಿದ್ದಳು. ಬಾಗಿಲಾಚೆ ಅವನು ಕಾಲು ಹಿಡಿದದ್ದನ್ನು ಮಾತ್ರ ಯಾರಿಗೂ ಹೇಳಬಾರದೆಂದುಕೊಂಡಳು. ಅತ್ತೆಗೂ ಇಲ್ಲ, ತವರಿಗೂ ಇಲ್ಲ, ಮಗಳು ಬೆಳೆದು ಕೇಳಿದರೂ ಇಲ್ಲ. ಅವನ ಮೇಲಿನ ಕೋಪವೇನೂ ಇಳಿದಿರಲಿಲ್ಲ; ಆದರೂ ಅಷ್ಟು ಮಾನ ಅವನಿಗೆ ಉಳಿಯಲಿ ಎನ್ನಿಸಿತು.